'ಹಾರ್ಡ್ಲಿ' ಅಂದ್ರೆ ಕಷ್ಟಪಟ್ಟು ಅಲ್ಲ!

ಬಿಕಾಂ ಮುಗಿಸಿ ಹೋದ ಮೊದಲ ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದ್ರು. 'ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್, ಸರ್' ಅಂದೆ. ಅವರು ನಕ್ಕರು. ಕೆಲಸ ಸಿಗಲಿಲ್ಲ. ಕಷ್ಟಪಟ್ಟಿದ್ದೀನಿ ಅನ್ನೋಕೆ ಹೋಗಿ, ಏನೂ ಮಾಡಿಲ್ಲ ಅಂತ ಒಪ್ಪಿಕೊಂಡಿದ್ದೆ!

'ಸ್ಲೋ'ಗೆ 'ಲಿ' ಸೇರಿದ್ರೆ 'ಸ್ಲೋಲಿ', ಅಂದ್ರೆ ನಿಧಾನವಾಗಿ. ಆ ಲೆಕ್ಕ ಇಲ್ಲಿ ನಡೆಯಲ್ಲ. ಕಷ್ಟಪಟ್ಟು ಅನ್ನೋಕೆ ಬರೀ 'ಹಾರ್ಡ್' ಸಾಕು: 'ಐ ವರ್ಕ್ಡ್ ಹಾರ್ಡ್'. 'ಹಾರ್ಡ್ಲಿ' ಅಂದ್ರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶತಮಾನಗಳ ಹಿಂದೆ ಅದಕ್ಕೆ 'ಜೋರಾಗಿ' ಅನ್ನೋ ಅರ್ಥ ಇತ್ತು. ಆಮೇಲೆ 'ಕಷ್ಟದಿಂದ' ಆಯ್ತು. ಕಷ್ಟದಿಂದ ಆಗೋದು ಆಗೋದೇ ಅಪರೂಪ ತಾನೇ? ಹಾಗೇ ಈಗಿನ ಅರ್ಥ ಬಂತು.

ಇನ್ನೊಂದು ವಿಷಯ. ಈ ಪದದೊಳಗೇ ಒಂದು 'ಇಲ್ಲ' ಕೂತಿದೆ. ಹಾಗಾಗಿ ಜೊತೆಗೆ 'ನಾಟ್' ಬೇಡ. ಸರಿಯಾಗಿ ಕೇಳಿಸ್ತಿಲ್ಲ ಅನ್ನೋಕೆ 'ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು' ಅನ್ನಿ. 'ಕಾಂಟ್ ಹಾರ್ಡ್ಲಿ' ಅನ್ನಬೇಡಿ.

ತಮಾಷೆ ಏನು ಗೊತ್ತಾ? 'ಹಾರ್ಡ್ಲಿ ಹತ್ತು ನಿಮಿಷ, ಬಂದ್ಬಿಡ್ತೀನಿ' ಅಂತ ಫ್ರೆಂಡ್ಸ್‌ಗೆ ದಿನಾ ಹೇಳ್ತಿದ್ದೆ. ಅಲ್ಲಿ ಅರ್ಥ ಸರಿಯಾಗೇ ಇತ್ತು. ಇಂಗ್ಲಿಷ್ ಮಾತಾಡೋ ಭಯದಲ್ಲಿ, ಗೊತ್ತಿದ್ದ ಪದವನ್ನೇ ಮರೆತಿದ್ದೆ.