ನೆರೆ ಬರುವ ಮೊದಲೇ ಊರನ್ನು ಕೇಳಬೇಕು

ಹೊಳೆ ಉಕ್ಕಿದಾಗ ಎರಡು ಲೆಕ್ಕಗಳು ಎಲ್ಲರ ಕಿವಿಗೂ ಬೀಳುತ್ತವೆ: ಬಿದ್ದ ಮನೆಗಳೆಷ್ಟು, ಸರಕಾರ ಕೊಟ್ಟ ಹಣವೆಷ್ಟು. ಇನ್ನು ಮುಂದೆ ಮನೆಯನ್ನು ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಎಂದು ಮನೆ ಕಳೆದುಕೊಂಡವರನ್ನೇ ಕೇಳಿದರೋ ಇಲ್ಲವೋ ಎಂಬುದು ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಆದರೆ ಕಟ್ಟಿದ ಮನೆಯಲ್ಲಿ ದೀಪ ಹತ್ತುವುದೂ ಹತ್ತದಿರುವುದೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ನಮ್ಮ ಹಾವೇರಿ ಜಿಲ್ಲೆಯ ನೆರೆಗೆ ಒಂದು ವಿಚಿತ್ರವಾದ ಗುಣವುಂಟು. ವರದಾ ಹೊಳೆ ಹುಟ್ಟುವುದು ಸಾಗರದ ಕಡೆಗೆ. ತುಂಗೆ ಭದ್ರೆಯರ ನೀರು ಬರುವುದೂ ಮಲೆನಾಡಿನಿಂದಲೇ. ಆದುದರಿಂದ ಇಲ್ಲಿ ಬಿಸಿಲು ಕಾಯುತ್ತಿರುವಾಗಲೂ ಹೊಲದಲ್ಲಿ ನೀರು ಏರಬಹುದು. 2019ರ ಆಗಸ್ಟಿನಲ್ಲಿ ಈ ಹೊಳೆಗಳು ದಂಡೆ ಮೀರಿ ಹರಿದುವು. ಇನ್ನೊಂದು ಆಪತ್ತು ಹೊಳೆಯಿಂದ ಬಹುದೂರದಲ್ಲಿರುವ ಊರನ್ನೂ ಬಿಡುವುದಿಲ್ಲ. ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದರೆ ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಮಾಳಿಗೆಯ ಮಣ್ಣು ಭಾರವಾಗುತ್ತದೆ, ಒಂದು ರಾತ್ರಿ ಎರಡೂ ಕೂಡಿಯೇ ಕೆಳಗಿಳಿಯುತ್ತವೆ. 2024ರ ಜುಲೈಯಲ್ಲಿ ಸವಣೂರು ತಾಲೂಕಿನ ಮಾದಾಪುರದಲ್ಲಿ ಹೀಗೆ ಮನೆ ಕುಸಿದು ಇಬ್ಬರು ಮಕ್ಕಳೂ ಸೇರಿ ಮೂವರು ತೀರಿಕೊಂಡರು.

ಬಿದ್ದುದನ್ನು ಎತ್ತಿ ನಿಲ್ಲಿಸುವ ಕೆಲಸ ಹೇಗೆ ನಡೆಯುತ್ತದೆ? 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕವನ್ನೆಲ್ಲ ಮಳೆ ಮುಳುಗಿಸಿದ ಮೇಲೆ, ದಾನಿಗಳ ನೆರವು ಕೂಡಿಸಿ 'ಆಸರೆ' ಯೋಜನೆಯಲ್ಲಿ ಹೊಸ ಊರುಗಳನ್ನು ಕಟ್ಟಲಾಯಿತು. ಉದ್ದೇಶ ಒಳ್ಳೆಯದು, ಮನೆಗಳೂ ಸಿಮೆಂಟಿನವು. ಹಾಗಿದ್ದೂ ಹಲವು ಕಡೆ ಜನ ಅಲ್ಲಿಗೆ ಹೋಗಿ ನೆಲೆಸಲಿಲ್ಲ. ಬಾಗಿಲು ಹಾಕಿದ ಮನೆಗಳ ಸುತ್ತ ಜಾಲಿ ಬೆಳೆಯಿತು. ಒಕ್ಕಲಿಗನ ಮನೆಯೆಂದರೆ ಎರಡು ಕೋಣೆಯಲ್ಲವಷ್ಟೆ! ಎತ್ತು ಕಟ್ಟಲು ಜಾಗ ಬೇಕು, ಬಣವಿ ಒಟ್ಟಲು ಹಿತ್ತಲು ಬೇಕು, ಚಕ್ಕಡಿ ಹೊರಳಲು ಅಂಗಳ ಬೇಕು, ಹೊಲ ಹತ್ತಿರವಿರಬೇಕು. ನಕಾಶೆ ಬರೆದವರಿಗೆ ಇದು ತಿಳಿಯದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ತಿಳಿದವರನ್ನು ಕೇಳದೆ ಹೋದುದೇ ಆಶ್ಚರ್ಯ.

ನೆರೆಯ ಮಹಾರಾಷ್ಟ್ರ ಇದೇ ಪಾಠವನ್ನು ಮೊದಲೇ ಕಲಿತಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದ ಮೇಲೆ 52 ಹಳ್ಳಿಗಳನ್ನು ಬೇರೆ ಕಡೆಗೆ ಒಯ್ದು ಕಟ್ಟಿದರು. ಬೀದಿಗಳು ಪಟ್ಟಣದಂತೆ ಅಗಲವೂ ನೇರವೂ ಆದುವು. ಒಂದೇ ಓಣಿಯಲ್ಲಿದ್ದ ಅಣ್ಣತಮ್ಮಂದಿರ ಮನೆಗಳು ಊರಿನ ಬೇರೆ ಬೇರೆ ಮೂಲೆ ಸೇರಿದುವು. ಮನೆಗಳಿಗೆ ರಿಪೇರಿ ಮಾತ್ರ ಬೇಕಾಗಿದ್ದ ಊರುಗಳಲ್ಲಿ ಬೇರೆ ಹಾದಿ ಹಿಡಿದರು: ಹಣವನ್ನು ಯಜಮಾನರ ಕೈಗೇ ಕೊಟ್ಟು, ಹಳ್ಳಿಯ ಹೆಣ್ಣುಮಕ್ಕಳನ್ನೇ 'ಸಂವಾದ ಸಹಾಯಕ'ರನ್ನಾಗಿ ನೇಮಿಸಿ, ಇಂಜಿನಿಯರನ ಮಾತು ಮನೆಗೂ ಮನೆಯ ಮಾತು ಇಂಜಿನಿಯರನಿಗೂ ಮುಟ್ಟುವಂತೆ ಮಾಡಿದರು. 2001ರ ಜನವರಿ 26ರ ಭೂಕಂಪದ ಬಳಿಕ ಗುಜರಾತದಲ್ಲಿ ಇದೇ ಪದ್ಧತಿ ದೊಡ್ಡದಾಗಿ ಬೆಳೆಯಿತು. ಸರಕಾರ ಕಂತಿನಲ್ಲಿ ಹಣ ಕೊಟ್ಟಿತು, ಇಂಜಿನಿಯರರು ತಪಾಸಣೆ ಮಾಡಿದರು, ಕಟ್ಟಿದವರು ಮಾತ್ರ ಮನೆಯವರೇ. ಸುಮಾರು 2 ಲಕ್ಷ ಮನೆಗಳು ಹೀಗೆ ಎದ್ದುವು.

ಆಪತ್ತು ಬಂದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಲೇಸು. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಪಂಚಾಯತಿಯ ಅಧ್ಯಕ್ಷರು ಸಹ-ಅಧ್ಯಕ್ಷರು. ಯೋಜನೆ ಕಚೇರಿಯ ಕಪಾಟಿನಲ್ಲಿದ್ದರೆ ಸಾಲದು. ರಾಣೆಬೆನ್ನೂರು ತಾಲೂಕಿನ ಹಲಗೇರಿಯನ್ನೇ ತೆಗೆದುಕೊಳ್ಳಿ. ಆ ಊರಿನ ಮಣ್ಣಿನ ಗೋಡೆಗಳಲ್ಲಿ ಯಾವುದು ಬಿರುಕು ಬಿಟ್ಟಿದೆ, ಯಾರ ಮನೆಯಲ್ಲಿ ಏಳಲಾರದ ಮುದುಕಿ ಇದ್ದಾಳೆ, ಶಾಲೆಯ ಕೀಲಿಕೈ ರಾತ್ರಿ ಯಾರಲ್ಲಿರುತ್ತದೆ, ದನಗಳನ್ನು ಯಾವ ದಿಬ್ಬಕ್ಕೆ ಹೊಡೆಯಬೇಕು, ಇವನ್ನು ಹೇಳಬಲ್ಲವರು ಊರವರೇ ಹೊರತು ಹಾವೇರಿಯ ಗುಮಾಸ್ತರಲ್ಲ. ಅದರಲ್ಲೂ ಹೆಂಗಸರನ್ನು ಮರೆಯಬಾರದು. ಗೋಡೆಯ ತೇವ ಮೊದಲು ಕಾಣುವುದು ಒಲೆಯ ಮುಂದೆ ಕೂತವರಿಗೆ. ಬರಗಾಲಕ್ಕೂ ಇದೇ ಮಾತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟುವು. ಯಾವ ಬೋರಿನ ನೀರು ಮೊದಲು ಬತ್ತುತ್ತದೆಂಬುದನ್ನು ಕೊಡ ಹೊರುವವರೇ ಹೇಳಬೇಕು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬ ನಿಯಮವಿದೆ. ಪಟ್ಟಣದಲ್ಲಿರುವ ನಮ್ಮಲ್ಲಿ ಅನೇಕರ ಹಿರಿಯರ ಮನೆ ಇಂಥ ಹಳ್ಳಿಗಳಲ್ಲಿಯೇ ಇವೆ, ಅವುಗಳ ಮಾಳಿಗೆಯೂ ಮಣ್ಣಿನದೇ. ಮೃಗಶಿರಾ ಮಳೆ ಕೂಡುವುದು ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ. ಗೋಡೆಗಳ ಪಟ್ಟಿ ಮೇ ತಿಂಗಳಲ್ಲಿಯೇ ಸಭೆಯ ಮುಂದೆ ಬಂದರೆ ಆನಿಕೆ ಕೊಡಲು, ಮಾಳಿಗೆಯ ಹಳೆಯ ಮಣ್ಣು ಇಳಿಸಲು ನಾಲ್ಕು ವಾರ ಸಿಗುತ್ತದೆ.