ಕಡಲಪಾಚಿಯ ಔಷಧ, ನಮ್ಮ ಮಂಗನ ಕಾಯಿಲೆ: ನಂಬಬೇಕಾದ್ದೆಷ್ಟು?



ಐಸ್‌ಕ್ರೀಮ್ ಅಥವಾ ಚಾಕೊಲೇಟ್ ಹಾಲಿನ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಕೆಲವದರಲ್ಲಿ 407 ಎಂಬ ಸಂಖ್ಯೆ ಇರುತ್ತದೆ. ಅದು ಕ್ಯಾರಗೀನನ್, ಸಮುದ್ರದ ಕೆಂಪು ಪಾಚಿಯಿಂದ ತೆಗೆದ ಅಂಟು. ಹಾಲಿನ ಕೇಸೀನ್ ಪ್ರೋಟೀನನ್ನು ಹಿಡಿದುಕೊಂಡು ಕೋಕೋ ಪುಡಿ ತಳಕ್ಕೆ ಇಳಿಯದಂತೆ ಅದು ನೋಡಿಕೊಳ್ಳುತ್ತದೆ. ಆಹಾರದಲ್ಲಿ ಅನುಮತಿ ಇರುವ ಪ್ರಮಾಣದಲ್ಲಿ ಅದಕ್ಕೆ ಹೆದರಬೇಕಿಲ್ಲ. ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಬಿದಿರಿನ ತೆಪ್ಪಗಳಿಗೆ ಕಟ್ಟಿ ಇಂಥ ಪಾಚಿಯನ್ನು ಬೆಳೆಯುತ್ತಾರೆ.

ಕಡಲಪಾಚಿಯ ಪುಡಿ, ಮಾತ್ರೆಗಳು ‘ರೋಗನಿರೋಧಕ ಶಕ್ತಿ’ಯ ಹೆಸರಿನಲ್ಲೂ ಮಾರಾಟವಾಗುತ್ತವೆ. ವೈರಸ್ಸನ್ನು ತಡೆಯುತ್ತವೆ ಎಂಬ ಮಾತೂ ಜೊತೆಗೆ ಬರುತ್ತದೆ. ಸೊರಬ, ಶಿಕಾರಿಪುರದ ನಾವು ಈ ಮಾತನ್ನು ಎಚ್ಚರದಿಂದ ಕೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೆಂದೇ ಇರುವ ಔಷಧ ಇಂದಿಗೂ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡದ ಕಾರಣ ನಿಂತಿದೆ, ಹೊಸ ಲಸಿಕೆಯ ಕೆಲಸ ನಡೆದಿದೆ.

ಪಾಚಿಯಲ್ಲಿ ಇರುವುದೇನು?

ಪಾಚಿಯ ಅಂಟು ಎಂದರೆ ಸಕ್ಕರೆಯ ಕಣಗಳು ಮಣಿಸರದಂತೆ ಉದ್ದಕ್ಕೆ ಪೋಣಿಸಿಕೊಂಡ ವಸ್ತು. ಆದರೆ ಅದು ಸಿಹಿಯಲ್ಲ. ಸರದ ಮಣಿಗಳಿಗೆ ಅಲ್ಲಲ್ಲಿ ಗಂಧಕದಿಂದಾದ ಸಲ್ಫೇಟ್ ಅಂಟಿಕೊಂಡಿರುತ್ತದೆ. ವಿಜ್ಞಾನಿಗಳು ಇದನ್ನು ಸಲ್ಫೇಟ್‌ಯುಕ್ತ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಕೆಂಪು ಪಾಚಿಯಲ್ಲಿ ಕ್ಯಾರಗೀನನ್, ಕಂದು ಪಾಚಿಯಲ್ಲಿ ಫ್ಯೂಕಾಯ್ಡಾನ್ ಇರುತ್ತವೆ.

ನಮ್ಮ ದೇಹದ ಜೀವಕೋಶಗಳ ಹೊರಮೈಯಲ್ಲೂ ಇಂಥ ಸಲ್ಫೇಟ್ ಸರಗಳಿವೆ. ಕಾಡುಹಾದಿಯಲ್ಲಿ ಅಂಟುಪುರಲೆ ಸೀರೆಯ ಅಂಚಿಗೆ ಹತ್ತಿಕೊಳ್ಳುವಂತೆ ಡೆಂಗಿಯಂಥ ವೈರಸ್ಸುಗಳು ಮೊದಲು ಈ ಸರಗಳಿಗೆ ಹತ್ತಿಕೊಂಡು ಆಮೇಲೆ ಒಳಗೆ ನುಗ್ಗುತ್ತವೆ. ನಮ್ಮ ಮುಂದೆ ಯಾರಾದರೂ ಗೋಣಿಚೀಲ ಎಳೆದುಕೊಂಡು ಹೋದರೆ ಅಂಟುಪುರಲೆ ಆ ಚೀಲಕ್ಕೇ ಹತ್ತುತ್ತದೆ, ಸೀರೆ ಉಳಿಯುತ್ತದೆ. ಪಾಚಿಯ ಸರ ಆ ಗೋಣಿಚೀಲದ ಹಾಗೆ. 1958ರಲ್ಲೇ ಕೆಂಪು ಪಾಚಿಯ ಸಾರವು ಕೋಳಿಮೊಟ್ಟೆಯೊಳಗಿನ ಭ್ರೂಣವನ್ನು ಫ್ಲೂ ಮತ್ತು ಮಂಗಬಾವು ವೈರಸ್ಸಿನಿಂದ ಕಾಪಾಡಿದ್ದನ್ನು ಸಂಶೋಧಕರು ಪ್ರಕಟಿಸಿದರು. ಮಂಗನ ಕಾಯಿಲೆಯ ವೈರಸ್ ಡೆಂಗಿಯ ಬಳಗಕ್ಕೇ ಸೇರಿದ್ದು. ಡೆಂಗಿ ವೈರಸ್ಸನ್ನೂ ಪಾಚಿಯ ಸರಗಳು ಪ್ರಯೋಗಾಲಯದಲ್ಲಿ ತಡೆದಿವೆ. ಹಾಗಾಗಿ ವಿಜ್ಞಾನಿಗಳ ಆಸೆ ಆಧಾರವಿಲ್ಲದ್ದಲ್ಲ.

ಗಾಜಿನ ತಟ್ಟೆಯೇ ದೇಹವಲ್ಲ

ಕ್ಯಾರಗೀನನ್‌ನಿಂದ ಮಾಡಿದ ಒಂದು ಜೆಲ್ ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನು ತಡೆದಿತ್ತು. ದಕ್ಷಿಣ ಆಫ್ರಿಕಾದ 6,000ಕ್ಕೂ ಹೆಚ್ಚು ಮಹಿಳೆಯರು ಅದರ ಪರೀಕ್ಷೆಗೆ ಮುಂದೆ ಬಂದರು. 2008ರಲ್ಲಿ ಫಲಿತಾಂಶ ಹೊರಬಂತು: ಜೆಲ್‌ನಿಂದ ಹಾನಿ ಕಾಣಲಿಲ್ಲ, ಆದರೆ ಎಚ್‌ಐವಿಯೂ ತಡೆಯಲಿಲ್ಲ. ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಗೆಲ್ಲಲೇಬೇಕೆಂದಿಲ್ಲ. ಅದೂ ಅಲ್ಲದೆ, ಬಾಯಿಂದ ನುಂಗಿದ ಈ ಉದ್ದ ಸರಗಳು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಉಣುಗು ವೈರಸ್ಸನ್ನು ಬಿಡುವುದು ಚರ್ಮದ ಒಳಕ್ಕೇ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಇದೇ ಜಾತಿಯ ಒಂದು ಸರ ಆಸ್ಪತ್ರೆಗಳಲ್ಲಿ ದಿನವೂ ಬಳಕೆಯಲ್ಲಿದೆ. ಅದು ಹೆಪಾರಿನ್, ಮುಖ್ಯವಾಗಿ ಹಂದಿಯ ಕರುಳಿನಿಂದ ತೆಗೆದದ್ದು. ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಂತೆ ಅದನ್ನು ಕೊಡುತ್ತಾರೆ. ಪಾಚಿಯ ಸಲ್ಫೇಟ್ ಸರಗಳಿಗೂ ಅಷ್ಟಿಷ್ಟು ಇದೇ ಗುಣವಿದೆ. ಮಂಗನ ಕಾಯಿಲೆಯಲ್ಲಿ ಮೂಗು, ಒಸಡು, ಕರುಳಿನಲ್ಲಿ ರಕ್ತಸ್ರಾವ ಆಗಬಹುದು. ಆ ಹೊತ್ತಿನಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವನ್ನು ನಾವಾಗಿಯೇ ತೆಗೆದುಕೊಳ್ಳುವುದು ಅಪಾಯ. ಜ್ವರ ಬಂದವರಿಗೆ ಪಾಚಿಯ ಪುಡಿ, ಮಾತ್ರೆ ಕೊಡಬೇಡಿ. ವೈದ್ಯರನ್ನು ಕೇಳದೆ ಆಸ್ಪಿರಿನ್‌ನಂಥ ನೋವಿನ ಮಾತ್ರೆಯೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇಂಥ ಪುಡಿಯನ್ನು ಮುಟ್ಟುವ ಮೊದಲು ವೈದ್ಯರಿಗೆ ತಿಳಿಸಲೇಬೇಕು.

ಈಗ ನಮ್ಮ ಕೈಯಲ್ಲಿರುವುದು

ಮಂಗನ ಕಾಯಿಲೆ ಹೆಚ್ಚಾಗಿ ಕಾಣುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಕೊಟ್ಟಿಗೆಗೆ ದರಗು ತರಲು, ಸೌದೆಗೆ, ದನ ಮೇಯಿಸಲು ನಾವು ಕಾಡಿಗೆ ಹೋಗುವುದೂ ಅದೇ ಕಾಲದಲ್ಲಿ.

• ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಆಶಾ ಕಾರ್ಯಕರ್ತೆಯರನ್ನು ಕೇಳಿ.

• ಮರಳಿದ ಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ. ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಮಕ್ಕಳ ಮೈ ನೋಡಿ.

• ಮಂಗ ಸತ್ತ ಕಡೆಯಿಂದ ದರಗು ತಂದು ಕೊಟ್ಟಿಗೆಗೆ ಹಾಸಬೇಡಿ. ಸತ್ತ ಮಂಗವನ್ನು ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಕ್ಷಣ ತಿಳಿಸಿ.

• ದೊಡ್ಡ ಉಣುಗು ದನದ ರಕ್ತ ಹೀರಿ ಉದುರಿ, ನೆಲದಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ಪಶುವೈದ್ಯರ ಸಲಹೆಯಂತೆ ದನಗಳಿಗೆ ಉಣುಗಿನ ಔಷಧ ಹಾಕಿಸಿ. ಔಷಧ ಹಾಕಿದ ಮೇಲೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

• ಕಾಡಿಗೆ ಹೋಗಿ ಬಂದವರಿಗೆ ಹಠಾತ್ತನೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ದು, ಕಾಡಿಗೆ ಹೋಗಿದ್ದನ್ನು ಹೇಳಿ. ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಮತ್ತೆ ಬರುವುದೂ ಉಂಟು, ಆಗಲೂ ತಡಮಾಡಬೇಡಿ.

ಕಡಲಪಾಚಿಯಿಂದ ಮುಂದೊಂದು ದಿನ ಒಳ್ಳೆಯ ಔಷಧ ಬರಬಹುದು. ಬಂದರೆ ಅದನ್ನು ಆಸ್ಪತ್ರೆಯಲ್ಲಿ ವೈದ್ಯರೇ ಕೊಡುತ್ತಾರೆ. ಅಲ್ಲಿಯವರೆಗೆ ಪುಡಿಗೆ ಕೊಡುವ ದುಡ್ಡನ್ನು ಹಸುವಿನ ಹಿಂಡಿಗೆ ಇಟ್ಟುಕೊಳ್ಳಿ.