ಒಂದು ಡಾಲರಿನ ಮಾನ

ಮಾನಕ್ಕೆ ಬೆಲೆ ಕಟ್ಟಲಾದೀತೆ? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಅಮೆರಿಕದ ಬ್ಯಾರಿ ಗೋಲ್ಡ್‌ವಾಟರ್ ಅವರ ಮೊಕದ್ದಮೆ ನೆನಪಾಗುತ್ತದೆ. 1964ರಲ್ಲಿ ಅವರು ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತಿದ್ದರು. ‘ಫ್ಯಾಕ್ಟ್’ ಎಂಬ ಪತ್ರಿಕೆಯು 12,356 ಮನೋವೈದ್ಯರಿಗೆ ಬರೆದು, ಇವರ ಚಿತ್ತಸ್ಥಿತಿ ಆ ಪದವಿಗೆ ತಕ್ಕುದೇ ಎಂದು ಕೇಳಿತು. ಉತ್ತರಿಸಿದವರು 2,417 ಮಂದಿ; ಅವರಲ್ಲಿ 1,189 ಮಂದಿ ತಕ್ಕುದಲ್ಲವೆಂದರು. ರೋಗಿಯ ನಾಡಿ ಹಿಡಿಯದೆಯೇ ರೋಗನಿರ್ಣಯವಾಯಿತು!

ಚುನಾವಣೆಯಲ್ಲಿ ಸೋತ ಗೋಲ್ಡ್‌ವಾಟರ್ ಮಾನನಷ್ಟಕ್ಕಾಗಿ ದಾವೆ ಹೂಡಿದರು. ಅಲ್ಲಿನ ಕಾನೂನಿನಂತೆ ಬರೆದದ್ದು ಸುಳ್ಳೆಂದು ತೋರಿಸಿದರೆ ಸಾಲದು. ಸುಳ್ಳೆಂದು ತಿಳಿದೋ, ನಿಜವನ್ನು ಲೆಕ್ಕಿಸದೆಯೋ ಅಚ್ಚುಹಾಕಿದರೆಂದು ಸಿದ್ಧಪಡಿಸಬೇಕು. ವೈದ್ಯರ ಉತ್ತರಗಳನ್ನೇ ಸಂಪಾದಕರು ತಿದ್ದಿದ್ದುದು ವಿಚಾರಣೆಯಲ್ಲಿ ಹೊರಬಿತ್ತು. 1968ರಲ್ಲಿ ಜ್ಯೂರಿಯು ಮಾನಹಾನಿಗೆ ಕೊಡಿಸಿದ ಪರಿಹಾರ ಒಂದೇ ಡಾಲರು. ದಂಡರೂಪವಾಗಿ 75,000 ಡಾಲರು. 1970ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಪುರಸ್ಕರಿಸಲಿಲ್ಲ. ಪತ್ರಿಕಾ ಸ್ವಾತಂತ್ರ್ಯಕ್ಕೆ ಇದು ಕುಂದೆಂದು ನ್ಯಾಯಮೂರ್ತಿ ಬ್ಲ್ಯಾಕ್ ಮತ್ತು ಡಗ್ಲಾಸ್ ಭಿನ್ನಮತ ಬರೆದರು.

ಅವರ ಭಯ ನಿರಾಧಾರವೆಂದು ನಾನು ಹೇಳಲಾರೆ. ಅಭ್ಯರ್ಥಿಯ ದಾವೆಗೆ ಅಂಜುವ ಲೇಖನಿಯಿಂದ ಪ್ರಜೆಗೆ ಪ್ರಯೋಜನವಿಲ್ಲ. ಆದರೂ ಆ ಜ್ಯೂರಿಯ ತಕ್ಕಡಿ ನನಗೆ ಮೆಚ್ಚಿಕೆಯಾಗಿದೆ. ನೊಂದವನ ಮಾನವನ್ನು ಹಣದಿಂದ ಅಳೆಯಲು ಅದು ಹೋಗಲಿಲ್ಲ. ತಿಳಿದೂ ಆಡಿದ ಸುಳ್ಳನ್ನು ಮಾತ್ರ ತೂಗಿತು.